ಹೊಟ್ಟೆಯಲ್ಲಿ ಮಗು ಇರುವಾಗ ಹಾರ್ಮೋನ್ ಜಾಸ್ತಿ ಇರುತ್ತದಲ್ವಾ, ಆಗ ಖಿನ್ನತೆಯ ಮಾತ್ರೆ ಬಿಡಬಹುದಾ?

ನೀವಾಗಿ ಬಿಡಬೇಡಿ. ಬಸುರಿನ ಹಾರ್ಮೋನುಗಳೇ ಮನಸ್ಸನ್ನು ಕಾಯುತ್ತವೆ ಎಂಬ ನಂಬಿಕೆ ಡಾಕ್ಟರುಗಳಲ್ಲೂ ಇತ್ತು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅದನ್ನು ಅಲುಗಾಡಿಸಿತು. ಮಾತ್ರೆ ಬಿಟ್ಟವರಲ್ಲಿ 68% ಮಂದಿಗೆ ಖಿನ್ನತೆ ಮರುಕಳಿಸಿತು, ಮುಂದುವರಿಸಿದವರಲ್ಲಿ 26% ಮಂದಿಗೆ.

ಹಾರ್ಮೋನುಗಳ ನಿಜವಾದ ಆಟ ಬೇರೆ ಕಡೆ ಇದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಏರಿದಂತೆ ಔಷಧವನ್ನು ಒಡೆಯುವ ಲಿವರ್‌ನ ಕೆಲವು ಕಿಣ್ವಗಳು (ಎಂಜೈಮ್) ಚುರುಕಾಗುತ್ತವೆ. ಮೈಯಲ್ಲಿ ರಕ್ತವೂ ಹೆಚ್ಚುತ್ತದೆ. ಹಾಗಾಗಿ ಅದೇ ಮಾತ್ರೆ, ಅದೇ ಡೋಸ್ ನುಂಗಿದರೂ ಏಳೆಂಟನೇ ತಿಂಗಳಲ್ಲಿ ರಕ್ತದಲ್ಲಿ ಔಷಧದ ಮಟ್ಟ ಇಳಿಯಬಹುದು. ಎಲ್ಲ ಮಾತ್ರೆಗೂ ಹೀಗಾಗುವುದಿಲ್ಲ. ಕೆಲವು ಕಿಣ್ವಗಳು ಉಲ್ಟಾ ನಿಧಾನವಾಗುತ್ತವೆ. ನಿದ್ದೆ ಕೆಟ್ಟು, ಅಳು ಮತ್ತೆ ಶುರುವಾದರೆ "ಬಸುರಿಯರಿಗೆ ಇದೆಲ್ಲಾ ಮಾಮೂಲು" ಅಂತ ಮನೆಯವರು ಹೇಳಿಯೇ ಹೇಳುತ್ತಾರೆ. ಡಾಕ್ಟರಿಗೆ ತಿಳಿಸಿ, ಡೋಸ್ ಬದಲಿಸಬೇಕಾಗಬಹುದು.

ಮಾತ್ರೆಯಿಂದ ಅಪಾಯವೇ ಇಲ್ಲವೆಂದಲ್ಲ. ಪ್ಯಾರಾಕ್ಸೆಟೀನ್ ಎಂಬ ಖಿನ್ನತೆಯ ಮಾತ್ರೆಯನ್ನು ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ತಪ್ಪಿಸುತ್ತಾರೆ, ಮಗುವಿನ ಹೃದಯದ ದೋಷದ ಭಯದಿಂದ. ಸರ್ಟ್ರಲೀನ್ ಎಂಬ ಇನ್ನೊಂದು ಮಾತ್ರೆ ಹೆಚ್ಚಾಗಿ ಬಳಕೆಯಲ್ಲಿದೆ. ಹುಟ್ಟಿದ ಮಗು ಕೆಲವು ದಿನ ಸ್ವಲ್ಪ ನಡುಗಬಹುದು, ಕಿರಿಕಿರಿ ಮಾಡಬಹುದು. ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಸರಿಹೋಗುತ್ತದೆ.

ಇನ್ನೊಂದು, ಹೆರಿಗೆಯಾದ ಕೆಲವೇ ದಿನಗಳಲ್ಲಿ ಈ ಹಾರ್ಮೋನುಗಳು ಧಡ್ ಅಂತ ಕುಸಿಯುತ್ತವೆ. ಬಾಣಂತನದ ಆ ವಾರಗಳಿಗೆ ಏನು ಮಾಡಬೇಕೆಂದು ಈಗಲೇ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಿ.