ಕಾವು ಕೂತ ಹೇಂಟೆ: ಮರಿ ಮಾಡಿಸೋದಾ, ಎಬ್ಬಿಸೋದಾ?

ಪ್ರಶ್ನೆ: ನಾವು ಸಾಗರ ತಾಲೂಕಿನವರು. ಮನೆಯಲ್ಲಿ ಐದು ನಾಟಿ ಹೇಂಟೆ ಇವೆ, ಹುಂಜ ಇಲ್ಲ. ಒಂದು ಹೇಂಟೆ ವಾರದಿಂದ ಖಾಲಿ ಬುಟ್ಟಿಯಲ್ಲೇ ಕೂತಿದೆ. ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಕುಕ್ಕುತ್ತದೆ. ನೀರಲ್ಲಿ ಅದ್ದಿದರೆ ಸರಿಹೋಗುತ್ತೆ ಅಂತಾರೆ ನಮ್ಮತ್ತೆ. ಪಕ್ಕದ ಮನೆಯ ಮೊಟ್ಟೆ ಇಟ್ಟು ಮರಿ ಮಾಡಿಸುವ ಆಸೆ ನನಗೆ. ಮಳೆಗಾಲ ಬೇರೆ ಶುರುವಾಗಿದೆ. ಏನು ಮಾಡಲಿ?

ಉತ್ತರ: ಯಾವುದಾದರೂ ಒಂದನ್ನು ಈ ವಾರವೇ ಮಾಡಿ. ಖಾಲಿ ಬುಟ್ಟಿಯಲ್ಲಿ ಸುಮ್ನೆ ಕೂರಲು ಬಿಟ್ಟರೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ಕಾವು ಕೂತ ಕೋಳಿ ದಿನಕ್ಕೆ ಒಂದೆರಡು ಸಲ ಎದ್ದು ಚೂರು ತಿಂದು ಬರುತ್ತದೆ, ಅಷ್ಟೇ. ಹಾಗೇ ಬಿಟ್ಟರೆ ಬಡವಾಗುತ್ತದೆ, ಹೇನೂ ಹತ್ತುತ್ತದೆ.

ಮರಿ ಮಾಡಿಸಬೇಕೋ ಬೇಡವೋ ಅನ್ನುವುದು ಹೇಂಟೆಯನ್ನು ನೋಡಿ ತೀರ್ಮಾನಿಸುವ ಮಾತಲ್ಲ. ನಾಟಿ ಕೋಳಿ 21 ದಿನ ಕೂತು ತನ್ನ ಕೆಲಸ ಮುಗಿಸುತ್ತದೆ. ಆಮೇಲಿನ ಆರು ವಾರ ನಿಮ್ಮದು. ಮಲೆನಾಡಿನ ಮಳೆಯಲ್ಲಿ ಒದ್ದೆ ನೆಲಕ್ಕೆ ಬಿದ್ದ ಮರಿ ಚಳಿಗೆ ಸಾಯುತ್ತದೆ, ಇಲ್ಲವೇ ರಕ್ತಭೇದಿಗೆ. ಇನ್ನು ಕಾಗೆ, ಮುಂಗುಸಿ ಕಾಟ ಇದ್ದೇ ಇದೆ. ಸೋರದ, ನೆಲ ಒಣಗಿರುವ, ಬಲೆ ಹೊಡೆದ ಒಂದು ಮೂಲೆ ಇದೆಯಾ? ಇದ್ದರೆ ಧೈರ್ಯವಾಗಿ ಇಡಿ. ಇಲ್ಲದಿದ್ದರೆ ಮಳೆ ಮುಗಿದ ಮೇಲೆ ಮಾಡಿಸಿ. ಆ ಹೊತ್ತಿಗೆ ಯಾವುದೋ ಒಂದು ಹೇಂಟೆ ಮತ್ತೆ ಕೂತೇ ಕೂರುತ್ತದೆ. ಇನ್ನೊಂದು ವಿಷಯ: ಹುಟ್ಟಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜ. ಅವನ್ನು ಮಾರುತ್ತೀರೋ, ಸಾರಿಗೆ ಹಾಕುತ್ತೀರೋ, ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಇಡುವುದಾದರೆ ಹುಂಜದ ಜೊತೆ ತಿರುಗುವ ಹೇಂಟೆಯ ಮೊಟ್ಟೆಯೇ ಬೇಕು. ಅಂಗಡಿಯ ಫಾರಂ ಮೊಟ್ಟೆ ಮರಿಯಾಗುವುದಿಲ್ಲ. ಇಟ್ಟು ವಾರ ದಾಟಿರದ, ತೊಳೆಯದ, ಬಿರುಕಿಲ್ಲದ ಹತ್ತು ಹನ್ನೆರಡು ಮೊಟ್ಟೆ ಸಾಕು. ಜಾಸ್ತಿ ಇಟ್ಟರೆ ಅಂಚಿನವಕ್ಕೆ ಕಾವು ಸಿಗುವುದಿಲ್ಲ. ಪಕ್ಕದ ಮನೆಯಲ್ಲಿ ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಯ ಕೋಳಿ ಇದ್ದರೂ ಅಡ್ಡಿಯಿಲ್ಲ. ಅವು ತಾವೇ ಕಾವಿಗೆ ಕೂರುವುದು ಅಪರೂಪ, ಅವುಗಳ ಮೊಟ್ಟೆಗೆ ನಾಟಿ ಹೇಂಟೆ ಅಥವಾ ಕಾವು ಕೊಡುವ ಮಷಿನ್ನೇ ಗತಿ.

ರಾತ್ರಿ ಹೊತ್ತು ಎಲ್ಲವನ್ನೂ ಒಟ್ಟಿಗೆ ಇಡಿ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಯಾಕೆಂದರೆ ಉಳಿದ ಹೇಂಟೆಗಳು ಅದೇ ಬುಟ್ಟಿಗೆ ಬಂದು ಮೊಟ್ಟೆ ಇಡುತ್ತವೆ. ಗುರುತಿಲ್ಲದ್ದನ್ನು ದಿನಾ ತೆಗೆಯಿರಿ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ಕೆಂಪು ನರ ಕಂಡರೆ ಒಳಗೆ ಮರಿ ಬೆಳೆಯುತ್ತಿದೆ. ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. ಕೊನೆಯ ಮೂರು ದಿನ ಮಾತ್ರ ಬುಟ್ಟಿಗೆ ಕೈ ಹಾಕಲೇಬೇಡಿ.

ಎಬ್ಬಿಸುವುದಾದರೆ ಅತ್ತೆಯವರ ಉಪಾಯ ಬೇಡ. ಹೊಟ್ಟೆಯ ಕೆಳಗಿನ ಬಿಸಿ ಇಳಿಯಬೇಕು ಅನ್ನುವ ಅವರ ಲೆಕ್ಕಾಚಾರ ಸರಿಯೇ. ಆದರೆ ಈ ಥಂಡಿಯಲ್ಲಿ ನೆನೆದ ಕೋಳಿಗೆ ಕಾಯಿಲೆ ಬರಬಹುದು. ಕಾವು ಬಿಡಿಸಲು ಕೆಲವರು ಮೂಗಿಗೆ ಪುಕ್ಕ ಚುಚ್ಚುತ್ತಾರೆ, ಅದಂತೂ ಬರೀ ಹಿಂಸೆ. ತಂತಿ ತಳದ ಪಂಜರವನ್ನು ನೆಲದಿಂದ ಎತ್ತರಕ್ಕೆ ಇಟ್ಟು ಅದರೊಳಗೆ ಬಿಡಿ. ಹುಲ್ಲು, ಹೊಟ್ಟು ಹಾಕಬೇಡಿ. ಬೆಳಕು, ನೀರು, ಕಾಳು ಧಾರಾಳವಾಗಿರಲಿ. ಕೆಳಗಿಂದ ಗಾಳಿ ಆಡಿದರೆ ಸಾಮಾನ್ಯವಾಗಿ ಮೂರ್ನಾಲ್ಕು ದಿನಕ್ಕೆ ಕಾವು ಇಳಿಯುತ್ತದೆ. ಬಿಟ್ಟ ತಕ್ಷಣ ಮತ್ತೆ ಬುಟ್ಟಿಗೆ ಓಡಿದರೆ ಇನ್ನೆರಡು ದಿನ ಒಳಗಿಡಿ. ಮೊಟ್ಟೆ ಮಾತ್ರ ಮರುದಿನವೇ ಬರಲ್ಲ, ಒಂದೆರಡು ವಾರ ಕಾಯಬೇಕು.

ಮರಿ ಮಾಡಿಸುವ ಮನಸ್ಸಿದ್ದರೆ ಮೊಟ್ಟೆ ಇಡುವ ಮೊದಲೇ ಪಶು ಆಸ್ಪತ್ರೆಯಲ್ಲಿ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ವಿಚಾರಿಸಿ. ಮರಿಗೆ ವಾರ ತುಂಬುವ ಹೊತ್ತಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಬೇಕಾಗುತ್ತದೆ. ಹತ್ತು ಮರಿಗೆ ಅಂತ ಬಾಟಲಿ ಸಿಗುವುದಿಲ್ಲ, ಕಲಸಿದ್ದನ್ನು ಎತ್ತಿಡಲೂ ಆಗಲ್ಲ. ಮೊಟ್ಟೆ ಕೊಡುವ ಪಕ್ಕದ ಮನೆಯಲ್ಲೂ ಮರಿ ಇದ್ದರೆ ಇಬ್ಬರೂ ಸೇರಿ ಒಂದೇ ದಿನ ಹಾಕಿಸಿ.