ಒಂದೇ ಕೋಡ್, ಓಡಿಸಿದಾಗೆಲ್ಲ ಬೇರೆ ಸಮಯ ಯಾಕೆ?

ಪ್ರಶ್ನೆ: ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿನಿ. ಬೆಂಗಳೂರಿನ ಬಸ್ ಸ್ಟಾಪ್ ಹೆಸರು ಹುಡುಕುವ ಪ್ರಾಜೆಕ್ಟನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುತ್ತಿದ್ದೇನೆ. ಹೆಸರುಗಳನ್ನು ಲಿಸ್ಟ್‌ನಲ್ಲಿಟ್ಟರೆ ಬೇಗ ಸಿಗುತ್ತದೋ, ಸೆಟ್‌ನಲ್ಲಿಟ್ಟರೋ ಅಂತ ನೋಡಲು ಹುಡುಕುವ ಮೊದಲು, ಆಮೇಲೆ ‘ಟೈಮ್.ಟೈಮ್’ ಕರೆದು ವ್ಯತ್ಯಾಸ ತೆಗೆದೆ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ 0 ಬರುತ್ತದೆ, ಇನ್ನೊಮ್ಮೆ 0.0156 ಸೆಕೆಂಡ್. ಯಾವುದನ್ನು ನಂಬಲಿ, ಮೇಡಂ?
– ಓದುಗರು, ಬನಶಂಕರಿ

ಉತ್ತರ: ಎರಡನ್ನೂ ನಂಬಬೇಡಿ. ‘ಟೈಮ್.ಟೈಮ್’ ಇರುವುದು ಈಗ ಗಂಟೆ ಎಷ್ಟು ಅಂತ ಹೇಳೋದಕ್ಕೆ. ಪೈಥಾನ್ 3.13ಕ್ಕಿಂತ ಹಳೆಯ ಆವೃತ್ತಿಗಳಲ್ಲಿ, ವಿಂಡೋಸ್ ಮೇಲೆ, ಈ ಗಡಿಯಾರ ಸುಮಾರು 15.6 ಮಿಲಿಸೆಕೆಂಡಿಗೆ ಒಂದು ಸಲ ಮಾತ್ರ ಮುಂದೆ ಹೋಗುತ್ತದೆ. ನಿಮ್ಮ ಹುಡುಕಾಟ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಅದಕ್ಕೇ 0. ನಡುವೆ ಗಡಿಯಾರ ಒಂದು ಹೆಜ್ಜೆ ಇಟ್ಟರೆ 0.0156. ಸಾಲದ್ದಕ್ಕೆ, ಕಂಪ್ಯೂಟರ್ ಇಂಟರ್‌ನೆಟ್ ನೋಡಿ ಸಮಯ ಸರಿಮಾಡಿಕೊಂಡಾಗ ಇದು ಹಿಂದಕ್ಕೂ ಹೋಗಬಹುದು. ಅಳತೆಗೆ ಅಂತಲೇ 2012ರ ಪೈಥಾನ್ 3.3ರಲ್ಲಿ ‘ಪರ್ಫ್_ಕೌಂಟರ್’ ಎಂಬ ಫಂಕ್ಷನ್ ಬಂತು. ಅದು ಹಿಂದೆ ಹೋಗುವುದಿಲ್ಲ, ತುಂಬಾ ಸಣ್ಣ ಅವಧಿಯನ್ನೂ ಹಿಡಿಯುತ್ತದೆ.

ಆದರೂ ಒಂದೇ ಸಲ ಓಡಿಸಿದರೆ ಸಾಲದು. ಪೈಥಾನ್ ಜೊತೆಗೇ ಬರುವ, ಕೋಡಿನ ಸಮಯ ಅಳೆಯುವ ‘ಟೈಮಿಟ್’ ಮಾಡ್ಯೂಲ್ ಬಳಸಿ. ಅದರ ‘ರಿಪೀಟ್’ ಫಂಕ್ಷನ್, ನೀವೇನೂ ಹೇಳದಿದ್ದರೆ, ಕೋಡನ್ನು 10 ಲಕ್ಷ ಸಲದಂತೆ 5 ಸುತ್ತು ಓಡಿಸುತ್ತದೆ. ಆ 5 ಉತ್ತರಗಳ ಸರಾಸರಿ ತೆಗೆಯುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ, ಎಲ್ಲಕ್ಕಿಂತ ಕಡಿಮೆ ಇರುವುದನ್ನು ತಗೊಳ್ಳಿ. ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಸಂಜೆ ಹೊರಟು ಎಷ್ಟು ಹೊತ್ತಾಯಿತು ಅಂದರೆ ಅದು ಸಿಲ್ಕ್ ಬೋರ್ಡ್ ಜಾಮ್‌ನ ಲೆಕ್ಕ. ನಿಮ್ಮ ಗಾಡಿ ಹೇಗೆ ಓಡುತ್ತದೆ ಅಂತ ತಿಳಿಯಬೇಕಾದರೆ ನಡುರಾತ್ರಿ ಹೊರಡಬೇಕು, ಅಲ್ವಾ? ಬ್ರೌಸರ್, ಆಂಟಿವೈರಸ್, ಲ್ಯಾಪ್‌ಟಾಪ್‌ನ ಬಿಸಿ ಇವೆಲ್ಲ ಸಮಯವನ್ನು ಹೆಚ್ಚಿಸುತ್ತವೆ. ಚಾರ್ಜರ್ ಹಾಕಿಟ್ಟು, ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ ಓಡಿಸಿ.

ಇನ್ನು, ಏನನ್ನು ಹುಡುಕುತ್ತಿದ್ದೀರಿ ಅನ್ನುವುದು ಗಡಿಯಾರಕ್ಕಿಂತ ಮುಖ್ಯ. ಲಿಸ್ಟ್‌ನ ಮೊದಲ ಹೆಸರು ಮೆಜೆಸ್ಟಿಕ್ ಆಗಿದ್ದು, ನೀವು ಹುಡುಕುವುದೂ ಮೆಜೆಸ್ಟಿಕ್ಕೇ ಆದರೆ ಅದು ತಕ್ಷಣ ಸಿಗುತ್ತದೆ. ಕೊನೆಯ ಹೆಸರನ್ನು ಹುಡುಕಿ, ಇಲ್ಲದ ಹೆಸರನ್ನೂ ಹುಡುಕಿ. ಆಗ ಲಿಸ್ಟ್ ಮೊದಲಿಂದ ಕೊನೆವರೆಗೂ ಒಂದೊಂದೇ ಹೆಸರು ನೋಡುತ್ತಾ ಹೋಗಬೇಕು. ಸೆಟ್‌ಗೆ ಆ ಕಷ್ಟವಿಲ್ಲ. ಹೆಸರಿನಿಂದಲೇ ಹ್ಯಾಶ್ ಎಂಬ ಒಂದು ಸಂಖ್ಯೆ ಲೆಕ್ಕ ಹಾಕಿ ಸಾಮಾನ್ಯವಾಗಿ ನೇರ ಜಾಗಕ್ಕೇ ಹೋಗುತ್ತದೆ.

ಲಿಸ್ಟ್‌ನಿಂದ ಸೆಟ್ ಮಾಡುವ ಸಾಲನ್ನು ‘ಟೈಮಿಟ್’ನ ‘ಸೆಟಪ್’ ಭಾಗದಲ್ಲಿಡಿ. ಆ ಸಮಯ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪ್ರೋಗ್ರಾಂ ನಿಜವಾಗಿಯೂ ಪ್ರತಿ ಹುಡುಕಾಟಕ್ಕೂ ಸೆಟ್ ಹೊಸದಾಗಿ ಮಾಡುತ್ತಿದ್ದರೆ ಮಾತ್ರ ಅದನ್ನೂ ಸೇರಿಸಿಯೇ ಅಳೆಯಿರಿ. ಆಗ ಲಿಸ್ಟೇ ಗೆಲ್ಲುತ್ತದೆ.