ಟೆಸ್ಟರ್‌ಗಳೇ, ಸಂಬಳ ಹೇಳುವ ಮೊದಲು ಕೆಲಸ ಏನೆಂದು ಕೇಳಿ

ಸಾಫ್ಟ್‌ವೇರ್ ಟೆಸ್ಟರ್‌ಗಳಿಂದ ಅದೇ ನಾಲ್ಕೈದು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಅದರಲ್ಲೂ ಸಂಬಳದ ಪ್ರಶ್ನೆ. ಅದರ ಜೊತೆಗೆ ಯಾರೋ ಹೇಳಿಕೊಟ್ಟ ಒಂದು ತಪ್ಪು ಲೆಕ್ಕವೂ ಇದ್ದೇ ಇರುತ್ತದೆ. ಓದಿ ಓದಿ ಬೇಸರವಾಗಿದೆ, ಸಿಟ್ಟೂ ಬಂದಿದೆ. ಹಾಗಾಗಿ ಈ ಸಲ ಜಾಗವೆಲ್ಲ ಅದಕ್ಕೇ. ಬಗ್‌ನ (ಸಾಫ್ಟ್‌ವೇರ್ ದೋಷದ) ಸಿವಿಯರಿಟಿ ಅಂದರೇನು, ಪ್ರಯಾರಿಟಿ ಅಂದರೇನು ಎಂಬುದನ್ನೆಲ್ಲ ನಾನು ಇಲ್ಲಿ ಹೇಳುವುದಿಲ್ಲ. ಕೆಲಸದಲ್ಲಿರುವವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ಆರು ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೇನೆ. ನಾಲ್ಕು ವರ್ಷ ಮ್ಯಾನುಯಲ್ (ಕೈಯಲ್ಲೇ ಟೆಸ್ಟಿಂಗ್) ಮಾಡಿದೆ, ಈಗ ಎರಡು ವರ್ಷದಿಂದ ಆಟೊಮೇಷನ್, ಅಂದರೆ ಸ್ಕ್ರಿಪ್ಟ್ ಬರೆದು ಟೆಸ್ಟ್ ಓಡಿಸುವುದು: ಸೆಲೆನಿಯಂ (ಬ್ರೌಸರ್ ಓಡಿಸುವ ಟೂಲ್) ಮತ್ತು ಎಪಿಐ (ಸಾಫ್ಟ್‌ವೇರ್‌ಗಳು ಪರಸ್ಪರ ಮಾತಾಡುವ ದಾರಿ) ಟೆಸ್ಟಿಂಗ್. ಒಂದು ಕಂಪನಿಯಲ್ಲಿ ಎಸ್‌ಡಿಇಟಿ (ಟೆಸ್ಟಿಂಗ್‌ಗಾಗಿ ಕೋಡ್ ಬರೆಯುವ ಇಂಜಿನಿಯರ್) ಹುದ್ದೆಗೆ ಮೂರು ರೌಂಡ್ ಮುಗಿದಿದೆ. ಈಗಿನ ಸಂಬಳ ಎಷ್ಟು, ಎಷ್ಟು ಬೇಕು ಅಂತ ಎಚ್‌ಆರ್ ಕೇಳಿದ್ದಾರೆ. ಶೇ 30ಕ್ಕಿಂತ ಜಾಸ್ತಿ ಕೇಳಿದರೆ ಆಫರ್ ಹೋಗುತ್ತೆ ಅಂತ ಒಬ್ಬ ಸ್ನೇಹಿತ ಹೇಳುತ್ತಾನೆ. ಬೇರೆ ಆಫರ್ ಇದೆ ಅಂತ ಸುಮ್ನೆ ಹೇಳಿಬಿಡು ಅಂತ ಇನ್ನೊಬ್ಬ. ಏನು ಮಾಡಲಿ?

ಉತ್ತರ: ಮೊದಲು ಆ ಶೇ 30ರ ಲೆಕ್ಕ ಬಿಡಿ. ಅದು ಯಾವ ನಿಯಮವೂ ಅಲ್ಲ. ಹೊಸ ಕಂಪನಿ ದುಡ್ಡು ಕೊಡುವುದು ಹೊಸ ಕೆಲಸಕ್ಕೆ. ಹಳೇ ಕಡೆ ನಿಮಗೆಷ್ಟು ಬರುತ್ತಿತ್ತು ಎಂಬುದರಿಂದ ಈ ಕೆಲಸದ ಬೆಲೆ ಬದಲಾಗುವುದಿಲ್ಲ. ಶುರುವಿನಲ್ಲೇ ಕಡಿಮೆ ಸಂಬಳಕ್ಕೆ ಸೇರಿದವರು ಈ ಶೇಕಡಾ ಲೆಕ್ಕ ಹಿಡಿದರೆ, ಆ ಕೊರತೆಯನ್ನು ಪ್ರತಿ ಕಂಪನಿಗೂ ಹೊತ್ತುಕೊಂಡು ಹೋಗುತ್ತಾರೆ. ಮ್ಯಾನುಯಲ್‌ನಿಂದ ಆಟೊಮೇಷನ್‌ಗೆ ಬಂದ ನಿಮ್ಮಂಥವರಿಗೆ ನಷ್ಟ ಇನ್ನೂ ಜಾಸ್ತಿ. ಕೆಲಸ ಬದಲಾಯಿತು, ಲೆಕ್ಕ ಮಾತ್ರ ಹಳೇದೇ ಉಳಿಯಿತು.

ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಬೇರೆ ವಿಷಯ. ಮೂರು ರೌಂಡ್ ಮುಗಿದಿದೆ ಅನ್ನುತ್ತೀರಿ. ಆದರೆ ಅಲ್ಲಿ ದಿನವೂ ಏನು ಕೆಲಸ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಎಸ್‌ಡಿಇಟಿ ಎಂಬ ಹೆಸರಿಗೆ ಮರುಳಾಗಬೇಡಿ. ಮೈಕ್ರೋಸಾಫ್ಟ್‌ನಲ್ಲಿ ಈ ಹುದ್ದೆ ವರ್ಷಗಟ್ಟಲೆ ಇತ್ತು, ಅಲ್ಲಿ ಅವರು ಟೆಸ್ಟಿಂಗ್‌ಗಾಗಿ ಕೋಡ್ ಬರೆಯುವ ಇಂಜಿನಿಯರ್‌ಗಳು. 2014ರ ಹೊತ್ತಿಗೆ ಅಲ್ಲಿನ ಹಲವು ತಂಡಗಳು ಆ ಹುದ್ದೆಯನ್ನು ಡೆವಲಪರ್ ಹುದ್ದೆಯ ಜೊತೆಗೇ ಸೇರಿಸಿಬಿಟ್ಟವು. ಈಗ ಒಂದು ಕಂಪನಿಯಲ್ಲಿ ಎಸ್‌ಡಿಇಟಿ ಅಂದರೆ ಟೆಸ್ಟ್ ಓಡಿಸುವ ಫ್ರೇಮ್‌ವರ್ಕ್ ಕಟ್ಟುವವರು, ಕೋಡನ್ನು ತಾನಾಗಿ ಜೋಡಿಸಿ ಟೆಸ್ಟ್ ಮಾಡುವ ಪೈಪ್‌ಲೈನ್ ನೋಡಿಕೊಳ್ಳುವವರು, ಡೆವಲಪರ್‌ಗಳ ಕೋಡ್ ರಿವ್ಯೂನಲ್ಲಿ ಕೂರುವವರು. ಇನ್ನೊಂದು ಕಂಪನಿಯಲ್ಲಿ ಅದೇ ಹೆಸರಿನವರು ಪ್ರತಿ ರಿಲೀಸ್‌ಗೂ ಕೈಯಲ್ಲೇ ರಿಗ್ರೆಷನ್ (ಹೊಸ ಬದಲಾವಣೆಯಿಂದ ಹಳೇದು ಕೆಟ್ಟಿಲ್ಲವೇ ಎಂಬ ಪರೀಕ್ಷೆ) ಮಾಡುತ್ತಾರೆ, ಬಿಡುವಾದಾಗ ಮುರಿದ ಸ್ಕ್ರಿಪ್ಟ್ ಸರಿ ಮಾಡುತ್ತಾರೆ. ಈ ಎರಡು ಕೆಲಸಕ್ಕೆ ಒಂದೇ ಸಂಬಳ ಹೇಗಾಗುತ್ತದೆ?

ಹಾಗಾಗಿ ಸಂಖ್ಯೆ ಹೇಳುವ ಮೊದಲು ನೀವೇ ಅವರನ್ನು ಕೇಳಿ. ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಟೆಸ್ಟ್ ಕೋಡ್ ಪ್ರಾಡಕ್ಟ್ ಕೋಡ್ ಜೊತೆಗೇ ಇದೆಯೋ, ಬೇರೆ ಕಡೆ ಇದೆಯೋ? ಬಿಲ್ಡ್ (ಕೋಡನ್ನು ಜೋಡಿಸಿ ಪ್ರೋಗ್ರಾಂ ಮಾಡುವುದು) ಮುರಿದರೆ ಮೊದಲು ಯಾರು ನೋಡುತ್ತಾರೆ? ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಫ್ಲೇಕಿ ಟೆಸ್ಟ್‌ಗಳನ್ನು ಏನು ಮಾಡುತ್ತೀರಿ? ರಿಲೀಸ್ ನಿಲ್ಲಿಸಿ ಅಂತ ಹೇಳುವ ಅಧಿಕಾರ ಯಾರಿಗಿದೆ? ಇವುಗಳ ಜೊತೆಗೆ ಇನ್ನೊಂದನ್ನು ಮರೆಯದೆ ಕೇಳಿ: ಈ ಹುದ್ದೆ ಡೆವಲಪರ್‌ಗಳ ಗ್ರೇಡ್‌ನಲ್ಲೇ ಬರುತ್ತದೆಯೇ, ಅಥವಾ ಕ್ಯೂಎಗೆ (ಟೆಸ್ಟಿಂಗ್ ವಿಭಾಗಕ್ಕೆ) ಬೇರೆ ಗ್ರೇಡ್ ಇದೆಯೇ? ಎಷ್ಟೋ ಟೆಸ್ಟರ್‌ಗಳು ಇದನ್ನು ಕೇಳುವುದೇ ಇಲ್ಲ. ಗ್ರೇಡ್ ಬೇರೆಯಾಗಿದ್ದರೆ, ಈ ಸಲ ಸಂಬಳ ಚೆನ್ನಾಗಿ ಸಿಕ್ಕರೂ ಎರಡು ವರ್ಷದಲ್ಲಿ ಮೇಲೆ ಹೋಗಲು ದಾರಿ ಇರುವುದಿಲ್ಲ.

ಈಗಿನ ಸಂಬಳದ ಮಾತಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಭ್ಯರ್ಥಿಯ ಹಳೇ ಸಂಬಳ ಕೇಳುವಂತಿಲ್ಲ. ಅಭ್ಯರ್ಥಿ ಕೇಳಿದರೆ ಹುದ್ದೆಯ ಸಂಬಳದ ರೇಂಜನ್ನು ಕಂಪನಿಯೇ ಹೇಳಬೇಕು. ಐರೋಪ್ಯ ಒಕ್ಕೂಟದ 2023ರ ನಿರ್ದೇಶನವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅದನ್ನು ಕಾನೂನು ಮಾಡಿಕೊಳ್ಳಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್. ನೀವಿರುವಲ್ಲಿ ಇಂಥ ಕಾನೂನು ಇಲ್ಲದೆ ಇರಬಹುದು. ಆದರೂ ಕೇಳುವುದು ಉದ್ಧಟತನವಲ್ಲ. "ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ರೇಂಜ್ ಎಷ್ಟು? ಅದು ಗೊತ್ತಾದರೆ ನನ್ನ ನಿರೀಕ್ಷೆ ಹೇಳುವುದು ಸುಲಭ" ಅನ್ನಿ. ಹಳೇ ಸಂಬಳ ಹೇಳಲೇಬೇಕು ಅಂದರೆ ನಿಜ ಹೇಳಿ. ಪೇಸ್ಲಿಪ್ ಕೇಳಿದಾಗ ಸಿಕ್ಕಿಬೀಳುವ ಸುಳ್ಳು ಯಾಕೆ ಬೇಕು? ಹೇಳಿದ ಮೇಲೆ, "ಆದರೆ ಆ ಕೆಲಸ ಬೇರೆ, ಇದು ಬೇರೆ" ಅಂತ ಸೇರಿಸಿ.

ಇನ್ನು ನಿಮ್ಮ ಕೆಲಸಕ್ಕೆ ಸಾಕ್ಷಿ. ಇಲ್ಲಿ ನಮ್ಮವರು ಎಡವುವುದನ್ನು ನೋಡಿದರೆ ನನಗೆ ನಿಜವಾಗಿಯೂ ನೋವಾಗುತ್ತದೆ. "ಇಷ್ಟು ಸಾವಿರ ಟೆಸ್ಟ್ ಕೇಸ್ ಓಡಿಸಿದೆ, ಇಷ್ಟು ನೂರು ಬಗ್ ಹಾಕಿದೆ" ಅಂತ ಹೇಳುತ್ತಾರೆ. ಈ ಎಣಿಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೈಕೊಟ್ಟವು. ಅಲ್ಲಿ ಟೆಸ್ಟ್‌ಗಳು ಇರಲಿಲ್ಲವೇ? ಇದ್ದವು, ಪಾಸ್ ಕೂಡ ಆಗಿದ್ದವು. ಒಂದು ಕಡೆ 21 ಇನ್‌ಪುಟ್ (ಕೋಡ್‌ಗೆ ಕೊಡುವ ಮಾಹಿತಿ) ಇರುತ್ತದೆ ಅಂತ ಬರೆದಿತ್ತು. ಇನ್ನೊಂದು ಕಡೆಯ ಕೋಡ್ ಕೊಡುತ್ತಿದ್ದದ್ದು 20. ಟೆಸ್ಟ್ ಮಾಡುವಾಗ ಆ 21ನೆಯದಕ್ಕೆ, ಏನಿದ್ದರೂ ನಡೆಯುತ್ತದೆ ಎಂಬ ವೈಲ್ಡ್‌ಕಾರ್ಡ್ ಹಾಕಿದ್ದರು. ಹಾಗಾಗಿ ತಪ್ಪು ಹೊರಗೆ ಬರಲೇ ಇಲ್ಲ. ಅದೇ ವೈಲ್ಡ್‌ಕಾರ್ಡ್ ಇಟ್ಟುಕೊಂಡು ಇನ್ನೂ ಸಾವಿರ ಟೆಸ್ಟ್ ಓಡಿಸಿದ್ದರೂ ಅದು ಸಿಗುತ್ತಿರಲಿಲ್ಲ. "ಇಲ್ಲಿ ನಿಜವಾದ ಡೇಟಾ ಹಾಕಿದರೆ ಏನಾಗುತ್ತೆ?" ಅಂತ ಯಾರಾದರೂ ಒಬ್ಬರು ಕೇಳಿದ್ದರೆ ಸಿಗುತ್ತಿತ್ತು. ಟೆಸ್ಟರ್‌ಗೆ ಸಂಬಳ ಬರಬೇಕಾದದ್ದು ಆ ಪ್ರಶ್ನೆಗೆ.

ನೀವು ಅಂಥ ಯಾವ ಪ್ರಶ್ನೆ ಕೇಳಿದ್ದೀರಿ ಅಂತ ಕೂತು ನೆನಪಿಸಿಕೊಳ್ಳಿ. ಎರಡು ಮೂರು ಸಾಕು. ಒಳ್ಳೆಯ ಬಗ್ ರಿಪೋರ್ಟ್ ಬರೆದ ಹಾಗೆ ಬರೆಯಿರಿ: ಏನು ನೋಡಿದೆ, ಹೇಗೆ ಸಿಕ್ಕಿತು, ಸಿಗದೆ ಹೋಗಿದ್ದರೆ ಯಾರಿಗೆ ಏನಾಗುತ್ತಿತ್ತು. ಉದಾಹರಣೆಗೆ: "ಪಾವತಿ ಮಾಡುವಾಗ ನೆಟ್‌ವರ್ಕ್ ನಿಧಾನವಾದರೆ ಆ್ಯಪ್ ಮತ್ತೆ ರಿಕ್ವೆಸ್ಟ್ ಕಳಿಸುತ್ತಿತ್ತು. ಗ್ರಾಹಕರ ಖಾತೆಯಿಂದ ಎರಡು ಸಲ ಹಣ ಹೋಗುತ್ತಿತ್ತು. ರಿಕ್ವೈರ್‌ಮೆಂಟ್‌ನಲ್ಲಿ (ಆ್ಯಪ್ ಏನು ಮಾಡಬೇಕು ಎಂಬ ಬರಹದಲ್ಲಿ) ಇದರ ಮಾತೇ ಇರಲಿಲ್ಲ. ನಾನು ತೋರಿಸಿದ ಮೇಲೆ ವಿನ್ಯಾಸವನ್ನೇ ಬದಲಾಯಿಸಿದರು." ಆಟೊಮೇಷನ್ ಬಗ್ಗೆಯೂ ಹೀಗೆಯೇ. ಎಷ್ಟು ಸ್ಕ್ರಿಪ್ಟ್ ಬರೆದಿರಿ ಎಂಬುದು ಬೇಡ. ರಿಗ್ರೆಷನ್‌ಗೆ ಹಿಡಿಯುತ್ತಿದ್ದ ಮೂರು ದಿನ ನಾಲ್ಕು ಗಂಟೆಗೆ ಇಳಿದಿದ್ದರೆ, ಉಳಿದ ಸಮಯದಲ್ಲಿ ತಂಡ ಏನು ಮಾಡಿತು ಅಂತ ಹೇಳಿ. ಹಳೇ ಕಂಪನಿಯ ಗುಟ್ಟು, ಗ್ರಾಹಕರ ಹೆಸರು ಮಾತ್ರ ಬಾಯಿಬಿಡಬೇಡಿ.

ಇಷ್ಟಾದ ಮೇಲೆ ಸಂಖ್ಯೆ. ಒಂದೇ ಸಂಖ್ಯೆ ಹೇಳಿ. "ಇಷ್ಟರಿಂದ ಇಷ್ಟು" ಅಂದರೆ ಅವರು ಕೆಳಗಿನದನ್ನೇ ಹಿಡಿದುಕೊಳ್ಳುತ್ತಾರೆ. ಹೇಳಿ ಸುಮ್ಮನಿರಿ. ಆ ಮೌನ ತಡೆಯಲಾಗದೆ ನೀವೇ "ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ" ಅಂದುಬಿಡಬೇಡಿ. ಮೂಲ ಸಂಬಳ, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ), ಸೇರುವಾಗ ಕೊಡುವ ಬೋನಸ್, ಷೇರು ಇವನ್ನು ಬೇರೆ ಬೇರೆ ಬರೆದುಕೊಂಡು ನೋಡಿ. ಷೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಬರುತ್ತವೆ, ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟರೆ ಬಹಳ ಕಡೆ ಏನೂ ಸಿಗುವುದಿಲ್ಲ. ಬೇಗ ಬಿಟ್ಟರೆ ಆ ಬೋನಸ್ ವಾಪಸ್ ಕೊಡಬೇಕೇ ಅಂತಲೂ ಓದಿ. ಮೂಲ ಸಂಬಳ ಏರಿಸಲು ಆಗುವುದಿಲ್ಲ ಅಂದರೆ, ಆರು ತಿಂಗಳಿಗೆ ಸಂಬಳ ಮತ್ತೆ ನೋಡುತ್ತೇವೆ ಎಂಬ ಮಾತನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಲೆಟರ್ ಕೈಗೆ ಬರುವ ತನಕ ರಾಜೀನಾಮೆಯೂ ಬೇಡ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನು ಅಂತ ಅಂದುಕೊಂಡರೂ ಸರಿ.

ಇಲ್ಲದ ಆಫರ್ ಇದೆ ಅಂತ ಹೇಳಲೇಬೇಡಿ. "ಹಾಗಾದರೆ ಅಲ್ಲಿಗೇ ಹೋಗಿ" ಅಂದರೆ ಏನು ಮಾಡುತ್ತೀರಿ? ಸತ್ಯ ಹೇಳುವುದೇ ನಮ್ಮ ಕೆಲಸ. ಇನ್ನು ನಿಮ್ಮ ಭಯ: ಜಾಸ್ತಿ ಕೇಳಿದರೆ ಆಫರ್ ಹೋಗುತ್ತದೆಯೇ? ಮರ್ಯಾದೆಯಿಂದ, ಕಾರಣ ಕೊಟ್ಟು ಕೇಳಿದ್ದಕ್ಕೆ ಆಫರ್ ಕಿತ್ತುಕೊಳ್ಳುವ ಕಂಪನಿ, ನಾಳೆ ನೀವು ದೊಡ್ಡ ಬಗ್ ತೋರಿಸಿದಾಗಲೂ ನಿಮ್ಮ ಮೇಲೇ ಹರಿಹಾಯುತ್ತದೆ. ಅಂಥ ಕಡೆ ಹೋಗದಿದ್ದರೆ ನಷ್ಟವಿಲ್ಲ.

ಪ್ರಶ್ನೆ: ಐಎಸ್‌ಟಿಕ್ಯೂಬಿ ಫೌಂಡೇಷನ್ (ಟೆಸ್ಟಿಂಗ್‌ನ ಮೊದಲ ಹಂತದ ಸರ್ಟಿಫಿಕೇಟ್ ಪರೀಕ್ಷೆ) ಮಾಡಿದರೆ ಸಂಬಳ ಏರುತ್ತದೆಯೇ?

ಉತ್ತರ: 40 ಪ್ರಶ್ನೆ, 60 ನಿಮಿಷ, 26 ಅಂಕಕ್ಕೆ ಪಾಸ್. ಹುದ್ದೆಗೆ ಕಡ್ಡಾಯ ಅಂದರೆ ಬರೆಯಿರಿ, ಇಲ್ಲದಿದ್ದರೆ ಅದರ ಹೆಸರಲ್ಲಿ ಸಂಬಳ ಕೇಳಬೇಡಿ.

ಪ್ರಶ್ನೆ: ಒಂದು ತರಬೇತಿ ಸಂಸ್ಥೆಯವರು ಮೂರು ವರ್ಷದ ಅನುಭವದ ಸರ್ಟಿಫಿಕೇಟ್ ಕೊಡುತ್ತೇವೆ, ಇಂಟರ್‌ವ್ಯೂನಲ್ಲೂ ಹಿಂದಿನಿಂದ ಉತ್ತರ ಹೇಳಿಕೊಡುತ್ತೇವೆ ಅನ್ನುತ್ತಾರೆ. ಎಲ್ಲರೂ ಹೀಗೇ ಮಾಡುತ್ತಾರಂತೆ?

ಉತ್ತರ: ಎಲ್ಲರೂ ಮಾಡುವುದಿಲ್ಲ. ಇದು ಮೋಸ, ತರಬೇತಿಯಲ್ಲ. ಅವರು ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿಬೀಳುವುದು ನೀವು, ಕೆಲಸ ಕಳೆದುಕೊಳ್ಳುವುದೂ ನೀವೇ. ಕೊಡುವ ದುಡ್ಡನ್ನು ನಿಲ್ಲಿಸಿ. ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದನ್ನು ಹಿಡಿದು ಅದರಲ್ಲಿ ಬಗ್ ಹುಡುಕಿ, ಚೆನ್ನಾಗಿ ಬರೆದು ಹಾಕಿ. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹೊಸಬರನ್ನು ತೆಗೆದುಕೊಳ್ಳುವಾಗ ನಾನು ನೋಡುವುದು ಅದನ್ನೇ.

ಪ್ರಶ್ನೆ: ಎಐ ಬಂದಿದೆ, ಮ್ಯಾನುಯಲ್ ಟೆಸ್ಟಿಂಗ್ ಸತ್ತಿತು ಅನ್ನುತ್ತಾರೆ. ನಿಜವೇ?

ಉತ್ತರ: ಬರೆದುಕೊಟ್ಟ ಸ್ಟೆಪ್‌ಗಳನ್ನು ಕಣ್ಣುಮುಚ್ಚಿ ಒತ್ತುವ ಕೆಲಸಕ್ಕೆ ಭವಿಷ್ಯವಿಲ್ಲ. ಆದರೆ ಬಂದ ಫಲಿತಾಂಶ ಸರಿಯೋ ತಪ್ಪೋ ಅಂತ ಯಾರೋ ಒಬ್ಬರು ತಿಳಿದು ಹೇಳಬೇಕಲ್ವಾ? ರಿಕ್ವೈರ್‌ಮೆಂಟೇ ತಪ್ಪಿದ್ದರೆ ಎಐ ಆ ತಪ್ಪಿಗೇ ಟೆಸ್ಟ್ ಬರೆದುಕೊಡಬಹುದು.

ಪ್ರಶ್ನೆ: ನನಗೆ ಕೋಡಿಂಗ್ ಕಷ್ಟ. ಟೆಸ್ಟಿಂಗ್ ಸುಲಭ ಅಂತ ಬರಬಹುದೇ?

ಉತ್ತರ: ಬರಬೇಡಿ.

ಪ್ರಶ್ನೆ: ಹತ್ತು ವರ್ಷದ ಅನುಭವ ಇದೆ. ಟೆಸ್ಟ್ ಮ್ಯಾನೇಜರ್ ಆಗಲೋ, ಪರ್ಫಾರ್ಮೆನ್ಸ್ ಟೆಸ್ಟಿಂಗ್ (ಸಾಫ್ಟ್‌ವೇರ್ ಎಷ್ಟು ವೇಗ, ಎಷ್ಟು ಹೊರೆ ತಡೆಯುತ್ತದೆ ಎಂಬ ಪರೀಕ್ಷೆ) ಕಲಿಯಲೋ?

ಉತ್ತರ: ಹತ್ತು ವರ್ಷ ಆಯಿತು, ಮ್ಯಾನೇಜರ್ ಆಗಲೇಬೇಕು ಅಂತ ಹೋಗುವುದಾದರೆ ಬೇಡ. ಜನರ ಜೊತೆ ದಿನವಿಡೀ ಮಾತಾಡುವುದು, ಬಜೆಟ್‌ಗೆ ಹೋರಾಡುವುದು ಇಷ್ಟವಿದ್ದರೆ ಹೋಗಿ. ಇಲ್ಲವಾದರೆ ಪರ್ಫಾರ್ಮೆನ್ಸ್ ಒಳ್ಳೆಯ ದಾರಿ. ಅದಕ್ಕೆ ಬಳಸುವ ಜೆಮೀಟರ್ ಎಂಬ ಟೂಲ್ ಓಡಿಸಲು ಕಲಿತರೆ ಮುಗಿಯಲಿಲ್ಲ. ಡೇಟಾಬೇಸ್, ನೆಟ್‌ವರ್ಕ್, ಲಾಗ್ ಓದುವುದು ಬರಬೇಕು. ಸರಾಸರಿ ಸಮಯ ನೋಡಿ ಸಮಾಧಾನಪಟ್ಟುಕೊಳ್ಳದೆ 95, 99ನೇ ಪರ್ಸೆಂಟೈಲ್ (ನೂರರಲ್ಲಿ 95 ಅಥವಾ 99 ರಿಕ್ವೆಸ್ಟ್ ಎಷ್ಟು ಸಮಯದೊಳಗೆ ಮುಗಿಯುತ್ತವೆ ಎಂಬುದು) ನೋಡುವ ಅಭ್ಯಾಸವೂ ಬೇಕು. ಈಗಿನ ಪ್ರಾಜೆಕ್ಟ್‌ನಲ್ಲೇ ನಿಧಾನವಾಗಿರುವ ಒಂದು ಸ್ಕ್ರೀನ್ ಹಿಡಿದು, ಯಾಕೆ ನಿಧಾನ ಅಂತ ಕೊನೆಯವರೆಗೂ ಹುಡುಕಿ. ಆ ಹುಡುಕಾಟ ಬೇಸರ ತಂದರೆ ಅದು ನಿಮ್ಮ ದಾರಿಯಲ್ಲ.